ಕಣದ ಮೇಲಿನ ಬಾಡಿಗೆ ಮನೆ

ಈ ವಿಷಯ ಬರೆಯಬೇಕೆಂದು ಕುಳಿತು, ಪೆನ್ನು ಸರಿಯಿಲ್ಲವೆಂದೋ ಕನ್ನಡಕ ಮಸುಕಾಗಿದೆಯೆಂದೋ ನೆಪ ಹೇಳಿ ಎದ್ದುಹೋದದ್ದು ಎಷ್ಟು ಸಲವೋ. ಈಗ ಕನ್ನಡಕ ಹೊಸದು, ಪೆನ್ನು ಮೊಮ್ಮಗಳದು. ನೆಪಗಳು ಮುಗಿದಿವೆ. ಆದ್ದರಿಂದ ಹೇಳಿಬಿಡುತ್ತೇನೆ: ನನ್ನ ತಂಗಿ ಒಂದಿಡೀ ಚಳಿಗಾಲ ಗೋಡೆಯಿಲ್ಲದ, ಸೂರಿಲ್ಲದ ಮನೆಯೊಂದರಲ್ಲಿ ಸಂಸಾರ ಮಾಡಿದಳು. ಆ ಮನೆಗೆ ಬಾಗಿಲು ಮಾತ್ರ ಇತ್ತು. ಬಾಗಿಲು ತಟ್ಟದೆ ಒಳಗೆ ಹೋದವರನ್ನು ಅವಳು ವಾಪಸ್ಸು ಕಳಿಸುತ್ತಿದ್ದಳು. ನನ್ನನ್ನೂ!

ಹುಚ್ಚೇ ಎಂದಿರಾ? ನಮ್ಮ ನೆಂಟರೂ ಹಾಗೇ ಕೇಳಿದರು. ಸ್ವಲ್ಪ ತಡೆಯಿರಿ.

ಬಾಳೂರು ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ತೊಂಬತ್ತರ ದಶಕದ ನಡುವೆ ಕಾಫಿಗೆ ಇದ್ದಕ್ಕಿದ್ದಂತೆ ಭಾರಿ ಬೆಲೆ ಬಂತಲ್ಲ, ಆಗ ನಮ್ಮ ಕಡೆ ಅನೇಕರು ಜೀಪು ಕೊಂಡರು. ನಾನೂ ಕೊಂಡೆ. ನನ್ನ ತಂಗಿ ಮಾತ್ರ ಅದೇ ವರ್ಷ ಕೆಲಸಕ್ಕೆ ಸೇರಿದಳು! ಮೂಡಿಗೆರೆಯಲ್ಲಿ ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಬೀಜ ಆರಿಸಿ ತೂಕ ಬರೆದುಕೊಳ್ಳುವ ಕೆಲಸ; ಸಂಬಳ ಎಂಟುನೂರು ರೂಪಾಯಿ. ತೋಟದವರ ಮನೆಯ ಹೆಣ್ಣುಮಗಳು ಕಂಡವರ ಗೋದಾಮಿನಲ್ಲಿ ಬೀಜ ಆರಿಸುವುದೆಂದರೆ ಸಣ್ಣ ಅವಮಾನವೇ? ಅದಕ್ಕಿಂತ ದೊಡ್ಡದು ಒಂದು ಸಂಜೆ ಅವಳು ಬಸ್ಸಿಳಿದು ಬಂದಾಗ ಆಯಿತು.

“ಅಣ್ಣಯ್ಯ, ಇವತ್ತು ನಮ್ಮ ತೋಟದ ಮೂಟೆ ಬಂದಿತ್ತು.”

“ಹೌದಾ? ಹೇಗಿತ್ತು?”

“ಸರಿಯಾಗಿ ಒಣಗ್ಸಿಲ್ಲ. ಎರಡನೇ ದರ್ಜೆಗೆ ಹಾಕ್ದೆ.”

ಒಡಹುಟ್ಟಿದವಳು!

ಆಗ ಅವಳಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬಂದ ಗಂಡುಗಳನ್ನು ಅವಳು ಒಪ್ಪಲಿಲ್ಲ. ಅವಳು ಒಪ್ಪಿದ ಒಬ್ಬನನ್ನು ನಮ್ಮಪ್ಪ ಒಪ್ಪಲಿಲ್ಲ. ಹೀಗೆ ಒಪ್ಪಿಗೆ ಬಾಕಿಯಾಗಿಯೇ ಉಳಿದು ಅಪ್ಪ ತೀರಿಕೊಂಡರು. ಮನೆಯ ಉಗ್ರಾಣ, ನನ್ನ ಮಕ್ಕಳ ಪಾಠ, ಹಾಸಿಗೆ ಹಿಡಿದ ಅಮ್ಮನ ಆರೈಕೆ ಎಲ್ಲ ಅವಳ ಕೈಯಲ್ಲಿತ್ತು. ಅಮ್ಮನೂ ಹೋದ ಮೇಲೆ ಒಂದು ದಿನ ಹೇಳಿದಳು: “ಸಂಬಳದಲ್ಲಿ ಹತ್ರ ಹತ್ರ ಅರ್ಧ ಬಸ್ಸಿನೋನಿಗೇ ಹೋಗ್ತದೆ. ಮೂಡಿಗೆರೇಲಿ ಒಂದು ಮನೆ ಮಾಡ್ತೀನಿ. ಒಬ್ಳೇ.”

“ಒಬ್ಳೇ ಎಂತಕ್ಕೆ? ಇಲ್ಲಿ ಎಂಟು ಕೋಣೆ ಇದೆಯಲ್ಲ ಮಾರಾಯ್ತಿ!”

“ಎಂಟಿದೆ. ಎಂಟಕ್ಕೂ ಯಾರು ಬೇಕಾದ್ರೂ ನುಗ್ತಾರೆ. ನಂಗೆ ಒಂದು ಬಾಗಿಲು ಬೇಕು ಅಣ್ಣಯ್ಯ. ನಾನೇ ಹಾಕ್ಕೊಳ್ಳೋದು, ನಾನೇ ತೆಗೆಯೋದು.”

ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯ ಸಾಹುಕಾರರೊಬ್ಬರು ಅಂಗಡಿಯ ಮೇಲೆ ಸಣ್ಣ ಮನೆಯೊಂದನ್ನು ಕಟ್ಟಿಸುತ್ತಿದ್ದರು. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಬಾಡಿಗೆ ಮುನ್ನೂರು. ಯುಗಾದಿಗೆ ಸಿದ್ಧವಾಗುತ್ತದೆ ಎಂದಿದ್ದರು. ನಮ್ಮವಳು ಅಷ್ಟು ದಿನ ಸುಮ್ಮನಿರುವವಳೇ? ಆ ಮನೆಯ ಅಳತೆ ತಂದು, ನಮ್ಮ ಕಾಫಿ ಒಣಗಿಸುವ ಸಿಮೆಂಟಿನ ಕಣದ ಮೇಲೆ ದಾರ ಹಿಡಿದು ಸುಣ್ಣದಲ್ಲಿ ಮನೆ ಬರೆದಳು. ಬಾಗಿಲಿಗೆ ಜಾಗ ಬಿಟ್ಟಳು. ಒಳಗೆ ಹೋಗಿ ಕೂತಳು. ಭಾನುವಾರವೆಲ್ಲ ವಾಸ ಅಲ್ಲೇ. ಮಲಗಲು ಮಾತ್ರ ಒಳಗೆ ಬರುತ್ತಿದ್ದಳು. ಅದನ್ನು ‘ಊರಿಗೆ ಹೋಗಿಬರೋದು’ ಎನ್ನುತ್ತಿದ್ದಳು!

ಮುನ್ನೂರು ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಮನುಷ್ಯರು ಬದುಕಬಹುದೇ ಎಂಬುದು ಅವಳ ಪರೀಕ್ಷೆ. ಮೊದಲು ಸುಣ್ಣದಲ್ಲಿ ಮಂಚ ಬರೆದು ಅದರಲ್ಲಿ ಮಲಗಿ ನೋಡಿದಳು. ಕಾಲು ಬಾಗಿಲಿನ ಆಚೆ ಹೋಯಿತು. ಮಂಚವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿ, “ಚಾಪೆ ಸಾಕು. ಮಂಚದ ದುಡ್ಡು ಉಳೀತು!” ಎಂದು ಸಂಭ್ರಮಪಟ್ಟಳು. ಇಲ್ಲದ ಮಂಚವನ್ನು ಕೊಳ್ಳದೆ ದುಡ್ಡು ಉಳಿಸಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಮ್ಮ ತೋಟದ ಮೇಸ್ತ್ರಿ ಪಾಪ, ಗೊತ್ತಿಲ್ಲದೆ ಕಣ ದಾಟಿ ಬಂದ.

“ಓಯ್ ಮೇಸ್ತ್ರಿ, ಗೋಡೆ ಹಾದು ಬಂದ್ರಲ್ಲ!”

“ಎಲ್ಲಿದ್ಯಮ್ಮಾ ಗೋಡೆ?”

“ನೀವು ತುಳ್ಕೊಂಡು ನಿಂತಿದ್ದೀರಲ್ಲ, ಅದೇ.”

ಆತ ಬೆಚ್ಚಿ ಹಿಂದೆ ಸರಿದು, ಸುತ್ತು ಹಾಕಿ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ಹೋದ. ಅಂದಿನಿಂದ ಅವನು ಚಪ್ಪಲಿ ಹಾಕಿಕೊಂಡು ಆ ಗೆರೆ ದಾಟಿದ್ದನ್ನು ನಾನು ಕಾಣೆ. ಕೊಟ್ಟಿಗೆಹಾರದಿಂದ ಬಂದ ನಮ್ಮ ಸೋದರತ್ತೆಗೆ ಅಷ್ಟು ಬುದ್ಧಿ ಇರಲಿಲ್ಲ. ಬಿಸಿಲು ಚೆನ್ನಾಗಿದೆಯೆಂದು ಕಣದಲ್ಲಿ ಕಾಲು ಚಾಚಿ ಕೂತು, ಕಾಫಿ ಕುಡಿದು, ಎರಡು ಕೋಡುಬಳೆ ತಿಂದು ಮುಗಿಸುವವರೆಗೂ ನನ್ನ ತಂಗಿ ಮರ್ಯಾದೆಯಿಂದ ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಅತ್ತೆ, ನೀವು ಕೂತಿರೋದು ಬಚ್ಚಲಲ್ಲಿ.”

ಊಟದ ಕತೆ ಇನ್ನೊಂದು. ತನ್ನ ಸಂಬಳದಲ್ಲಿ ಏನು ಬರುತ್ತದೋ ಅಷ್ಟನ್ನೇ ಬೇರೆ ಒಲೆಯಲ್ಲಿ ಬೇಯಿಸಿ ತಿನ್ನುವ ವ್ರತ. ತಿಂಗಳ ಮೊದಲ ವಾರ ಅನ್ನ, ಸಾರು, ಪಲ್ಯ. ಕೊನೆಯ ವಾರ ಗಂಜಿ, ಚಟ್ನಿ. ನಾವು ಕಡುಬು, ಕೋಳಿಸಾರು ಹಾಕಿಕೊಂಡು ಕೂತರೆ ಅವಳು ಎದುರಿಗೆ ಗಂಜಿ ಕುಡಿಯುತ್ತಿದ್ದಳು.

“ಒಂದು ತುಂಡು ಹಾಕ್ಕೊಳ್ಳೇ,” ಎಂದು ನನ್ನ ಹೆಂಡತಿ ಅಂಗಲಾಚಿದಳು.

“ತಿಂಗಳ ಕೊನೆ ಅತ್ತಿಗೆ. ಆಗಲ್ಲ. ಪಕ್ಕದ ಮನೆಯೋರು ತಂದುಕೊಟ್ರೆ ತಿನ್ಬಹುದು.”

ನನ್ನ ಹೆಂಡತಿ ಏನು ಮಾಡಬೇಕು? ಸಾರಿನ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಮನೆ ಸುತ್ತಿ, ಕಣಕ್ಕೆ ಬಂದು, “ಇದ್ದೀರಾ?” ಎಂದು ಕೂಗಿದಳು. “ಅಯ್ಯೋ, ಯಾಕೆ ತೊಂದ್ರೆ ತಗೊಂಡ್ರಿ!” ಎಂದು, ಅಷ್ಟರಲ್ಲಿ ಕಣದ ಮನೆ ಸೇರಿದ್ದ ಇವಳು ಬಟ್ಟಲು ಇಸಕೊಂಡಳು. ಇಬ್ಬರೂ ನಕ್ಕು ನಕ್ಕು ಸಾರು ಚೆಲ್ಲಿದರು.

ಕೊಯ್ಲು ಶುರುವಾಯಿತು. ಕಣದ ತುಂಬ ಕಾಫಿ ಹರಡಬೇಕು. ಮೇಸ್ತ್ರಿ ತಲೆ ಕೆರೆದುಕೊಂಡು ಬಂದ: “ಅಮ್ಮಾವ್ರ ಮನೆ ಮೇಲೂ ಹರಡ್ಲಾ ಅಯ್ಯಾ?”

“ಹರಡಿ,” ಎಂದಳು ನನ್ನ ತಂಗಿ. “ಒಳಬಾಡಿಗೆ ಹಗಲಿಗೆ ಎಂಟಾಣೆ.”

ನನ್ನ ಕಣ, ನನ್ನ ಕಾಫಿ! ಕೊಟ್ಟೆ ಸ್ವಾಮಿ, ಏನು ಮಾಡಲಿ?

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ತೋಟದವರು ದುಡ್ಡು ನೋಡುವುದು ವರ್ಷಕ್ಕೊಮ್ಮೆ, ಕಾಫಿ ಮಾರಿದಾಗ. ಅಲ್ಲಿಯವರೆಗೆ ದಿನಸಿ ಅಂಗಡಿಗೆ, ದರ್ಜಿಗೆ, ಡಾಕ್ಟರಿಗೆ ಎಲ್ಲರಿಗೂ ಒಂದೇ ಮಾತು: ‘ಕಾಫಿ ಆದ್ಮೇಲೆ’. ಇದು ನಮ್ಮಲ್ಲಿ ಒಂದು ತಾರೀಖು. ನಮ್ಮಪ್ಪ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೂ ಕಾಫಿ ಆದ ಮೇಲೆಯೇ ದುಡ್ಡು ಕೊಟ್ಟದ್ದು. ಅಷ್ಟರಲ್ಲಿ ಅದರಿಂದ ಒಂದು ಹಲ್ಲು ಬಿದ್ದಿತ್ತು. ಇಂಥ ಮನೆಯಲ್ಲಿ ಹುಟ್ಟಿ ತಿಂಗಳ ಲೆಕ್ಕದಲ್ಲಿ ಬದುಕಲು ಕಲಿತವಳು ಅವಳೊಬ್ಬಳೇ.

ಯುಗಾದಿ ಹತ್ತಿರ ಬಂತು. ಮುಂಗಡವನ್ನು ಅವಳು ಕೂಡಿಟ್ಟಾಗಿತ್ತು. ಆದರೆ ಒಂಟಿ ಹೆಂಗಸಿಗೆ ಮನೆ ಕೊಡಬೇಕಾದರೆ ಅವಳ ಕಡೆಯ ಗಂಡಸೊಬ್ಬರು ಬಂದು ಮಾತಾಡಬೇಕು ಎಂದರು ಸಾಹುಕಾರರು. ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನನಗೆ ಪಾಠ.

“ನೀನು ಮೂರೇ ಮಾತು ಹೇಳ್ಬೇಕು. ಇವಳು ನನ್ನ ತಂಗಿ. ಒಳ್ಳೇವಳು. ತಿಂಗಳು ತಿಂಗಳು ಸರಿಯಾಗಿ ಕೊಡ್ತಾಳೆ.”

“ಒಳ್ಳೇವಳು ಅಂತ ಸುಳ್ಳು ಹೇಳ್ಬೇಕಾ?”

“ಅದೊಂದು ಹೇಳು ಮಾರಾಯ. ಕಾಫಿ ರೇಟಿನ ಸುದ್ದಿ ಮಾತ್ರ ಎತ್ಬೇಡ.”

ಅವಳು ನಲ್ಲಿ ನೋಡಿಬರುತ್ತೇನೆಂದು ಮೆಟ್ಟಿಲು ಹತ್ತಿದಳು. ಸಾಹುಕಾರರು ನನಗೆ ಕುರ್ಚಿ ಹಾಕಿದರು. ನಾನು ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದೆ: “ಬಾಡಿಗೆ ಚಿಂತೆ ನಿಮಗೆ ಬೇಡವೇ ಬೇಡ. ಅವಳ ಸಂಬಳ ಯಾವ ಲೆಕ್ಕ? ಮನೆಯಿಂದ ನಾವು ಕೊಡ್ತೀವಿ. ಕಾಫಿ ಆದ್ಮೇಲೆ, ವರ್ಷದ್ದು ಒಟ್ಟಿಗೆ.”

ಸಾಹುಕಾರರ ಮುಖದ ನಗು ಹಾಗೇ ಒಣಗಿತು. ತೋಟದವರ ‘ಕಾಫಿ ಆದ್ಮೇಲೆ’ಯನ್ನು ಅವರು ಅಂಗಡಿಯಲ್ಲಿ ಕೂತು ಜೀವನವಿಡೀ ಕಂಡವರು. ನನ್ನ ತಂಗಿ ಕೈ ಒದ್ದೆ ಮಾಡಿಕೊಂಡು, “ನೀರು ಚೆನ್ನಾಗಿ ಬರ್ತದೆ!” ಎನ್ನುತ್ತ ಇಳಿದು ಬಂದಾಗ ಅವರು ನೆಲ ನೋಡುತ್ತಿದ್ದರು. “ನಮ್ಮ ಭಾವಮೈದ ಒಬ್ರು ಕೇಳಿದ್ರಮ್ಮ, ನೋಡೋಣ...”

ಮಾರನೆಯ ದಿನ ಅವಳು ಕಣದ ಸುಣ್ಣವನ್ನೆಲ್ಲ ತೊಳೆದಳು.

ಈ ಪ್ರಸಂಗವನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ! ಬಾಡಿಗೆಗೂ ಕಾಫಿ ಆದ್ಮೇಲೆ ಎಂದ ಪೆದ್ದ ಅಣ್ಣ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ಅಲ್ಲಿದ್ದರೆ ನಗುತ್ತಿದ್ದಳು.

ನಾನು ಪೆದ್ದನಾಗಿರಲಿಲ್ಲ. ನಾನು ಇಷ್ಟು ದಿನ ಬರೆಯದೆ ಉಳಿಸಿಕೊಂಡದ್ದು ಇದನ್ನೇ. ಆ ಮಾತು ಹೇಳಿದರೆ ಮನೆ ತಪ್ಪುತ್ತದೆಂದು ಗೊತ್ತಿದ್ದೇ ಹೇಳಿದೆ. ಅಣ್ಣ ಹೊರಗೆ ಹಾಕಿದ ಎಂದು ಜನ ಆಡಿಕೊಂಡಾರು ಎಂಬ ಹೆದರಿಕೆ ಒಂದು. ಅವಳು ಹೋದರೆ ಉಗ್ರಾಣ ಯಾರು ನೋಡುತ್ತಾರೆ, ಮಕ್ಕಳಿಗೆ ಯಾರು ಓದಿಸುತ್ತಾರೆ ಎಂಬುದು ಇನ್ನೊಂದು. ತಿಂಗಳ ಲೆಕ್ಕ ನನಗೆ ಗೊತ್ತಿರಲಿಲ್ಲವೇ? ಜೀಪಿನ ಸಾಲದ ಕಂತು ತಿಂಗಳು ತಿಂಗಳು ಕಟ್ಟುತ್ತಿದ್ದೆನಲ್ಲ! ಪೇಟೆಗೆ ದಿನಾ ಹೋಗುವವಳೆಂದು ಆ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ಬರುತ್ತಿದ್ದವಳು ಅವಳೇ. ಎಂದರೆ, ನನಗೆ ಗೊತ್ತಿತ್ತು ಎಂಬುದು ಅವಳಿಗೂ ಗೊತ್ತಿತ್ತು.

ಮರುವರ್ಷ ಅವಳು ನನಗೆ ಹೇಳದೆ ಬೇರೆ ಮನೆ ಹುಡುಕಿಕೊಂಡಳು. ನಿವೃತ್ತ ಟೀಚರೊಬ್ಬರ ಮನೆಯ ಮಹಡಿ. ಬಾಡಿಗೆ ಮುನ್ನೂರೈವತ್ತು, ಜಾಗ ಮೊದಲಿನದಕ್ಕಿಂತ ಕಡಿಮೆ. ಒಂದು ಮಳೆಗಾಲ ಕಳೆದ ಮೇಲೆ ನಾನು ನೋಡಲು ಹೋದೆ. ಕೂತಲ್ಲಿಂದ ಏಳದೆ ಒಲೆ ಹಚ್ಚಬಹುದು, ಕಿಟಕಿ ತೆಗೆಯಬಹುದು, ನೆಂಟರನ್ನು ಬಾಗಿಲವರೆಗೆ ಕಳಿಸಿಕೊಡಬಹುದು!

“ಹೇಗಿದೆ ಅಣ್ಣಯ್ಯ?”

“ಚೂರು ಇಕ್ಕಟ್ಟು.”

“ನೀನು ದಪ್ಪ ಆಗಿದ್ದೀಯ.”

ಅಷ್ಟರಲ್ಲಿ ಟೀಚರು ಮೇಲೆ ಬಂದರು. “ಇವರೇನಾ ನಿಮ್ಮಣ್ಣ?”

“ಹೌದು ಟೀಚರೇ,” ಎಂದಳು ನನ್ನ ತಂಗಿ, ಹಾಲು ಉಕ್ಕದಂತೆ ನೋಡುತ್ತ. “ಒಬ್ಳೇ ಇದ್ದು ನೋಡು, ಹೆದರ್ಬೇಡ ಅಂತ ಧೈರ್ಯ ಹೇಳಿದೋರು ಇವ್ರೇ. ನಂಗೋಸ್ಕರ ಮನೆ ಕೇಳೋಕೂ ಬಂದಿದ್ರು.”

“ಎಲ್ಲರ ಅಣ್ಣಂದಿರೂ ಹೀಗಿದ್ದಿದ್ರೆ!” ಎಂದರು ಟೀಚರು.

ಅವಳು ಕೊಟ್ಟ ಕಾಫಿಯ ಲೋಟ ಕೈಗೆ ತೆಗೆದುಕೊಂಡೆ. ಅವಳು ಕೊಂಕು ಆಡಲಿಲ್ಲ. ಮುಖ ನೋಡಿದೆ, ನನ್ನನ್ನು ಆ ಟೀಚರ ಮುಂದೆ ಒಳ್ಳೆಯವನನ್ನಾಗಿ ಮಾಡಬೇಕೆಂದೇ ಹೇಳಿದ್ದಳು. ಟೀಚರು ಇಳಿದು ಹೋದ ಮೇಲೆ ಹೇಳಬೇಕಾದದ್ದು ಒಂದೇ ಮಾತು. ಬಾಯಿ ತೆರೆದೆ. “ಸಕ್ಕರೆ ಸ್ವಲ್ಪ ಜಾಸ್ತಿಯಾಯ್ತು,” ಎಂದೆ.

ಆಮೇಲೆ ಹೋದಾಗಲೆಲ್ಲ ಆ ಮಾತಿನ ಬದಲು ಒಂದು ಬಾಳೆಗೊನೆ ಒಯ್ದೆ. “ಗೊನೆ ಒಳಗಿಟ್ರೆ ನಾನು ಹೊರಗಿರ್ಬೇಕು ಮಾರಾಯ!” ಎಂದು ಬೈದು ಅದನ್ನು ಬೀದಿಗೆಲ್ಲ ಹಂಚುತ್ತಿದ್ದಳು. ಕೊನೆಯವರೆಗೂ ಅಲ್ಲೇ ಇದ್ದಳು. ಒಂದು ತಿಂಗಳ ಬಾಡಿಗೆಯೂ ತಪ್ಪಲಿಲ್ಲವೆಂದು ಟೀಚರು ಅವಳ ತಿಥಿಯ ದಿನ ಎಲ್ಲರಿಗೂ ಹೇಳಿದರು.

ಸಾಮಾನು ಖಾಲಿ ಮಾಡಿ ನಾನು ಬಾಗಿಲು ಎಳೆದುಕೊಂಡಾಗ, ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಹಲಗೆಯೊಂದು ಕಂಡಿತು. ಎಷ್ಟು ಸಲ ಬಂದಿದ್ದೆ, ಓದಿರಲಿಲ್ಲ. ಅಪ್ಪನ ಹೆಸರಿಲ್ಲ, ತೋಟದ ಹೆಸರಿಲ್ಲ, ನನ್ನದಂತೂ ಇಲ್ಲ. ಅವಳದೇ ಕೈಬರಹದಲ್ಲಿ, ಹಸಿರು ಬಣ್ಣದಲ್ಲಿ, ಒಂದೇ ಹೆಸರು:

ವನಜಾಕ್ಷಿ.