ಶಾಂತಮಲ್ಲಪ್ಪನವರ ಶಾಕಾಹಾರಿ ಬೆಕ್ಕು

"ನಮ್ಮನೇಲಿ ಬೆಕ್ಕೂ ಶುದ್ಧ ಶಾಕಾಹಾರಿ ಕಣ್ರೀ!"

ಆನೇಮಹಲ್‌ನ ಶಾಂತಮಲ್ಲಪ್ಪನವರು ಈ ಮಾತನ್ನು ಆಡದ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಮೂರು ಎಕರೆ ಕಾಫಿ ತೋಟ, ಕಾಫಿ ಮೂಟೆ ಇಡಲು ಒಂದು ಸ್ಟೋರ್, ಹಣೆಯ ತುಂಬ ವಿಭೂತಿ ಎಲ್ಲ ಇದ್ದರೂ ಅವರ ಹೆಮ್ಮೆಯೆಲ್ಲ ಮುತ್ತ ಎಂಬ ಬೂದು ಬಣ್ಣದ ಗಂಡುಬೆಕ್ಕಿನ ಮೇಲೆ. ಮೂರು ಹೊತ್ತೂ ಮೊಸರನ್ನ! ಹುಲಿಯ ಕುಲದವನನ್ನು ಮೊಸರನ್ನಕ್ಕೆ ಇಳಿಸಿದ ಸಾಧಕ ಇಡೀ ಜಿಲ್ಲೆಯಲ್ಲಿ ತಾನೊಬ್ಬನೇ ಎಂದು ಅವರ ನಂಬಿಕೆ.

"ಹಂಗಾದ್ರೆ ಸ್ಟೋರಿನ ಇಲಿಗಳೆಲ್ಲ ಎಲ್ಲಿಗೋದ್ವು?" ಎಂದು ಯಾರಾದರೂ ಕೆಣಕಿದರೆ ಉತ್ತರ ಸಿದ್ಧವಾಗಿತ್ತು.

"ಮುತ್ತ ಓಡಿಸ್ತದೆ, ಅಷ್ಟೇಯ. ಪಕ್ಕದೂರು ದೋಣಿಗಾಲ್ ಕಡೆ ಹೋಗಿರ್ತವೆ."

ಈ ಉತ್ತರ ಬಂದಾಗಲೆಲ್ಲ ಹೆಂಡತಿ ನಾಗರತ್ನಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ನಗಲು ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿರಲಿಲ್ಲ.

ಈ ಸಲ ಸಮಾಜದ ಅಧ್ಯಕ್ಷಗಿರಿ ಶಾಂತಮಲ್ಲಪ್ಪನವರಿಗೇ ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಮಠದ ಸ್ವಾಮಿಗಳ ಪಾದಪೂಜೆ ಇವರ ಮನೆಯಲ್ಲೇ, ಘೋಷಣೆಯೂ ಅಲ್ಲೇ. ಅದಕ್ಕಿನ್ನು ಹದಿನೈದು ದಿನ ಇದೆ ಎನ್ನುವಾಗ ಮುತ್ತ ಮೊಸರನ್ನದ ತಟ್ಟೆಯನ್ನು ಮೂಸಿ ಮುಖ ತಿರುಗಿಸಿತು. ಮೂರು ದಿನ ಕಟ್ಟುನಿಟ್ಟಿನ ಉಪವಾಸ! ಮೈಮೇಲಿನ ಕೂದಲು ಉದುರಿ ಸೋಫಾದ ಮೇಲೆ ಬಂತು. ಶಾಂತಮಲ್ಲಪ್ಪನವರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಜಂಬ ಏನೇ ಇರಲಿ, ಆ ಬೆಕ್ಕೆಂದರೆ ಅವರಿಗೆ ಪ್ರಾಣ.

"ರೀ, ಮೂಕಪ್ರಾಣಿ ಕಣ್ರೀ. ಡಾಕ್ಟ್ರ ಹತ್ರ ಹೋಗ್ಬನ್ನಿ" ಎಂದರು ನಾಗರತ್ನಮ್ಮ.

ಮುತ್ತನನ್ನು ಕಾಫಿ ಹಣ್ಣು ಕುಯ್ಯುವ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಬಿಗಿದು, ಸ್ಕೂಟರಿನಲ್ಲಿ ಸಕಲೇಶಪುರಕ್ಕೆ ಹೊರಟರು. ಕ್ಲಿನಿಕ್ಕಿನ ಬಾಗಿಲಲ್ಲಿ ಕಾಂಪೌಂಡರ್ ವಸಂತ ಚೀಟಿ ಹಿಡಿದು ಕೂತಿದ್ದ.

"ಹೆಸರು?"

"ಶಾಂತಮಲ್ಲಪ್ಪ."

"ವಯಸ್ಸು?"

"ಅರವತ್ತೊಂದು."

"ಲಿಂಗ?"

ಶಾಂತಮಲ್ಲಪ್ಪನವರು ಭಕ್ತಿಯಿಂದ ಎದೆ ಮುಟ್ಟಿಕೊಂಡರು. "ಐತೆ ಕಣಪ್ಪ. ಬೆಳಿಗ್ಗೆ ಪೂಜೆ ಮುಗಿಸ್ಕಂಡೇ ಬಂದಿದೀನಿ."

"ಬೆಕ್ಕಿಂದು ಕೇಳಿದ್ದು ಸಾ."

"ಓ! ಗಂಡು."

ವಸಂತ ಹೇಳಿದ್ದನ್ನು ಹೇಳಿದ ಹಾಗೇ ಬರೆದು ಒಳಗೆ ಕಳಿಸಿದ. ಈ ಚೀಟಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಶಾಂತಮಲ್ಲಪ್ಪನವರು ಅದನ್ನು ಓದಲೇ ಇಲ್ಲ.

ಡಾಕ್ಟರ್ ರೇವಂತ್ ಇನ್ನೂ ಹುಡುಗುಮುಖದವರು. ಮುತ್ತನನ್ನು ತೂಗಿ, ಬಾಯಿ ತೆರೆದು ನೋಡಿದರು. "ಹಾಲು ಮೊಸರು ಕೊಡ್ತಿದೀರಾ? ಮೊದಲು ನಿಲ್ಲಿಸಿ. ಬೂತಾಯಿ ಮೀನು ಬೇಯಿಸಿ ಕೊಡಿ."

"ಡಾಕ್ಟ್ರೇ, ನಮ್ದು ಶರಣರ ಮನೆ!"

"ನಿಮ್ದು ಸರಿ ಸರ್. ಬೆಕ್ಕಿಂದು?"

ಶಾಂತಮಲ್ಲಪ್ಪನವರು ಮೇಜಿನ ಮೇಲಿದ್ದ ಚೀಟಿಯನ್ನು ಡಾಕ್ಟರ ಕಡೆ ತಳ್ಳಿದರು. "ಹಂಗಾದ್ರೆ ಕನ್ನಡದಲ್ಲೇ ಬರ್ಕೊಡಿ. ನಮ್ಮನೆಯೋರು ನನ್ನ ಮಾತು ನಂಬಲ್ಲ" ಎಂದರು. ಡಾಕ್ಟರ್ ಅದರ ಮೇಲೇ ನೀಲಿ ಶಾಯಿಯಲ್ಲಿ ಬರೆದುಕೊಟ್ಟರು.

ಮರುದಿನ ರಸ್ತೆ ತಿರುವಿನಲ್ಲಿ ಮೀನಿನ ಬೈಕು ಹಾರನ್ ಹೊಡೆದಾಗ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿದ ವ್ಯಕ್ತಿಯೊಂದು ಅಲ್ಲಿ ಪ್ರತ್ಯಕ್ಷವಾಯಿತು. ಬಾಯಿ ಬಿಡದೆ ಬೂತಾಯಿಯತ್ತ ಬೆರಳು ತೋರಿಸಿತು. ಮೀನಿನವನು ಸ್ಕೂಟರಿನ ನಂಬರನ್ನೂ ಹೆಲ್ಮೆಟ್ಟನ್ನೂ ನೋಡಿ, "ಅರ್ಧ ಕೆಜಿ ಸಾಕಾ ಶಾಂತಮಲ್ಲಪ್ಪ ಸಾವ್ಕಾರ್ರೇ?" ಎಂದ. ಊರಿಗೇ ಕೇಳುವಷ್ಟು ಜೋರಾಗಿ!

"ಬೆಕ್ಕಿಗೆ ಕಣಯ್ಯಾ!" ಎಂದಿತು ಹೆಲ್ಮೆಟ್.

"ಎಲ್ರೂ ಹಂಗೇ ಹೇಳೋದು ಬುಡಿ" ಎಂದು ಅವನು ಕಣ್ಣು ಮಿಟುಕಿಸಿದ.

ನಾಗರತ್ನಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು. "ನನ್ನ ಪಾತ್ರೆ ಮುಟ್ಟಿದ್ರೆ ನೋಡಿ!" ಹಾಗಾಗಿ ಸ್ನಾನದ ಹಂಡೆಯ ಒಲೆಯ ಮೇಲೆ ಹಳೆಯ ಪೇಂಟ್ ಡಬ್ಬದಲ್ಲಿ ಬೂತಾಯಿ ಬೆಂದಿತು. ವಾಸನೆ ಮುಚ್ಚಲು ಸಾಂಬ್ರಾಣಿ ಹಾಕಿದರು. ವಾಸನೆ ಹೋಗಲಿಲ್ಲ, ಮೀನಿಗೆ ಸಾಂಬ್ರಾಣಿಯ ಪರಿಮಳ ಬಂತು. ಮುತ್ತ ಡಬ್ಬವನ್ನು ನೆಕ್ಕಿ ನೆಕ್ಕಿ ಬೆಳಗಿಟ್ಟಿತು. ಬೆಕ್ಕಿನ ಹೊಟ್ಟೆ ತುಂಬಿತು, ಯಜಮಾನರ ಹೊಟ್ಟೆ ಉರಿಯಿತು. ನಾಳೆ ಅಧ್ಯಕ್ಷನಾಗುವವನ ಬಚ್ಚಲಲ್ಲಿ ಮೀನು!

"ಇವನು ನಿನ್ನೆ ಮೊನ್ನೆಯ ಡಾಕ್ಟ್ರು ಕಣೇ. ಆಲೂರಲ್ಲಿ ರಾಮಯ್ಯ ಡಾಕ್ಟ್ರು ಅವ್ರೆ, ರಿಟೈರ್ ಆದೋರು. ಹಳೆ ಕೈ. ಅವರು ಮೊಸರನ್ನಕ್ಕೇ ಬರ್ತಾರೆ, ನೋಡ್ತಿರು."

ಆಲೂರಿನಲ್ಲಿ ರಾಮಯ್ಯ ಡಾಕ್ಟರು ಚೀಟಿ ಓದಿ ಹೌಹಾರಿದರು. "ಮೀನಾ? ಮುಳ್ಳು ಗಂಟಲಿಗೆ ಸಿಕ್ಕಾಕ್ಕಂಡ್ರೆ ಯಾರು ಗತಿ? ಮೀನು ಬೇಡವೇ ಬೇಡ!" ಕೆಂಪು ಪೆನ್ನು ತೆಗೆದು ನೀಲಿ ಸಾಲುಗಳನ್ನು ಹೊಡೆದು ಹಾಕಿದರು.

ಶಾಂತಮಲ್ಲಪ್ಪನವರು ಕಾಲಿಗೆ ಬೀಳಲು ಬಗ್ಗಿದರು. "ಹಂಗಾದ್ರೆ ಮೊಸರನ್ನ?"

"ತಿಂದ್ರೆ ತಿನ್ಲಿ ಬಿಡಿ. ಜೊತೆಗೆ ದಿನಾ ಕೋಳಿ ಲಿವರ್ ಕೊಡಿ. ಹುಳದ ಮಾತ್ರೇನೂ ಬರ್ದಿದೀನಿ."

ಬಗ್ಗಿದವರು ಅರ್ಧದಲ್ಲೇ ನಿಂತರು. ಮೀನಿನಿಂದ ತಪ್ಪಿಸಿಕೊಳ್ಳಲು ಹೋಗಿ ಕೋಳಿಗೆ ಸಿಕ್ಕಿದ್ದರು!

ಕೋಳಿ ಅಂಗಡಿಗೆ ಹೋಗುವ ಧೈರ್ಯವಾಗದೆ ಮತ್ತೆ ಸಕಲೇಶಪುರದ ದಾರಿ ಹಿಡಿದರು. ರೇವಂತ್ ಡಾಕ್ಟರು ಕೆಂಪು ಸಾಲುಗಳನ್ನು ನೋಡಿ ನಕ್ಕರು. "ದಿನಾ ಲಿವರ್ರಾ? ವಿಟಮಿನ್ ಜಾಸ್ತಿಯಾಗಿ ಮೂಳೆ ಹಾಳಾಗುತ್ತೆ ಸರ್." ಹಸಿರು ಪೆನ್ನಿನಲ್ಲಿ ಅದನ್ನೂ ಹೊಡೆದು, ಬೂತಾಯಿಯನ್ನು ಪುನಃ ಗದ್ದುಗೆಗೇರಿಸಿ, ಇನ್ನೂ ಒಂದೆರಡು ಸಾಲು ಸೇರಿಸಿದರು. ಶಾಂತಮಲ್ಲಪ್ಪನವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವರಿಗೆ ಪೆಟ್ರೋಲು ಖಾಲಿಯಾದದ್ದಷ್ಟೇ ಲಾಭ.

ಅಂತೂ ಹುಳದ ಮಾತ್ರೆ ಒಬ್ಬರದು, ಬೂತಾಯಿ ಒಬ್ಬರದು ಎಂದು ರಾಜಿಯಾಯಿತು. ಮುತ್ತನ ಮೈ ಹೊಳೆಯತೊಡಗಿತು. ಆದರೆ ಪಾದಪೂಜೆಗೆ ಎರಡು ದಿನ ಮುಂಚೆ ಮೀನಿಗೆ ರಜೆ ಸಾರಿದರು. ಬಚ್ಚಲಿಗೆ ಎರಡು ಬಾಟಲಿ ಫಿನಾಯಿಲ್ ಸುರಿದರು. ಪೇಂಟ್ ಡಬ್ಬವನ್ನು ತೋಟದಲ್ಲಿ ಹೂತರು. ಸಿಟ್ಟಾದ ಮುತ್ತನನ್ನು ಸ್ಟೋರಿನಲ್ಲಿ ಕೂಡಿ ಹಾಕಿದರು.

ಸೋಮವಾರ ಅಂಗಳದ ಶಾಮಿಯಾನದ ತುಂಬ ಜನ. ಪಾದಪೂಜೆ ಸಾಂಗವಾಗಿ ಮುಗಿಯಿತು. ನಿರೂಪಣೆ ಮಹಿಳಾ ಘಟಕದ ದ್ರಾಕ್ಷಾಯಣಮ್ಮನವರದು. ಅವರಿಗೆ ಸಕ್ಕರೆ ಕಾಯಿಲೆ, ಊಟದ ತನಕ ತಡೆಯಲಾರರು. ಒಂದು ದೊನ್ನೆ ಮೊಸರನ್ನ ಅರ್ಧ ತಿಂದು, ಉಳಿದದ್ದನ್ನು ಕುರ್ಚಿಯ ಕೆಳಗಿಟ್ಟು ಮೈಕು ಹಿಡಿದರು.

"ಈಗ ನಮ್ಮ ನೂತನ ಅಧ್ಯಕ್ಷರ ಪರಿಚಯ."

ಪರಿಚಯವನ್ನು ಶಾಂತಮಲ್ಲಪ್ಪನವರು ತಾವೇ ಬರೆದು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿದ್ದರು. 'ಇವರ ಮನೆಯ ಬೆಕ್ಕು ಸಹ ಶಾಕಾಹಾರಿ' ಎಂಬುದು ಅದರ ಕೊನೆಯ ಸಾಲು. ಸಂಕೋಚವನ್ನು ನಟಿಸುತ್ತ, ತಲೆ ತಗ್ಗಿಸಿ, ಕಾಗದವನ್ನು ಕೈಗಿತ್ತರು.

ದ್ರಾಕ್ಷಾಯಣಮ್ಮ ಕನ್ನಡಕ ಮರೆತು ಬಂದಿದ್ದರು. ಕಾಗದವನ್ನು ದೂರ ಹಿಡಿದು, ಹೊಡೆದು ಹಾಕಿದ ಸಾಲನ್ನೂ ಬಿಡದೆ, ಕಂಚಿನ ಕಂಠದಲ್ಲಿ ಓದಿದರು.

"ಹೆಸರು, ಶಾಂತಮಲ್ಲಪ್ಪ. ವಯಸ್ಸು, ಅರವತ್ತೊಂದು. ಗಂಡು. ತೂಕ, ನಾಲ್ಕು ಕೆಜಿ. ಕೂದಲು ಉದುರುತ್ತಿದೆ."

ಸಭೆ ಶಾಂತಮಲ್ಲಪ್ಪನವರ ಬೋಳುತಲೆಯನ್ನು ನೋಡಿ ತಲೆಯಾಡಿಸಿತು.

"ಬೂತಾಯಿ ಮೀನು ಉಪ್ಪಿಲ್ಲದೆ ಬೇಯಿಸಿ ದಿನಕ್ಕೆರಡು ಸಲ. ಮೀನು ಬೇಡವೇ ಬೇಡ. ಕೋಳಿ ಲಿವರ್ ಐವತ್ತು ಗ್ರಾಂ. ಹುಳದ ಮಾತ್ರೆ ಒಂದು. ಲಿವರ್ ನಿಲ್ಲಿಸಿ, ಮತ್ತೆ ಬೂತಾಯಿ. ತಿನ್ನದಿದ್ದರೆ ಕೈಯಲ್ಲಿ ಹಿಡಿದು ತಿನ್ನಿಸುವುದು. ದಿನಾ ಮೈ ಬಾಚಿ. ಹೊರಗೆ ಅಲೆಯಲು ಬಿಡಬೇಡಿ. ಮುಂದಿನ ತಿಂಗಳು ಕರೆತನ್ನಿ, ಬೀಜ..."

ನಾಗರತ್ನಮ್ಮ ಹಾರಿ ಬಂದು ಮೈಕು ಕಿತ್ತುಕೊಂಡರು!

ಶಾಂತಮಲ್ಲಪ್ಪನವರಿಗೆ ಎದುರಿಗೆ ಎರಡೇ ದಾರಿ ಕಂಡವು. ಬೆಕ್ಕು ಮೀನು ತಿನ್ನುತ್ತದೆ ಎಂದರೆ ಇಷ್ಟು ವರ್ಷ ಹೇಳಿದ್ದು ಸುಳ್ಳು. ತಿನ್ನುವುದಿಲ್ಲ ಎಂದರೆ ಆ ಮೀನು ತಮ್ಮ ತಲೆಗೇ ಬರುತ್ತದೆ. ಮಾನ ಹೋಗುವುದು ಖಾತ್ರಿ, ಯಾವುದರಲ್ಲಿ ಕಡಿಮೆ ಹೋಗುತ್ತದೆ ಎಂದಷ್ಟೇ ನೋಡಬೇಕಿತ್ತು. ಸ್ವಾಮಿಗಳ ಮುಂದೆ ಕೈಮುಗಿದು ನಿಂತರು.

"ಬುದ್ಧಿ, ತಪ್ಪಾಯ್ತು. ಜಂಬಕ್ಕೆ ಹೇಳ್ಕಂಡು ತಿರುಗಿದೆ. ನಮ್ಮ ಬೆಕ್ಕು ಶಾಕಾಹಾರಿ ಅಲ್ಲ. ಮೊಸರನ್ನ ಕಂಡ್ರೆ ಮೂತಿ ತಿರುಗಿಸ್ತದೆ. ಆ ಚೀಟಿ ಅದರದ್ದು, ಮೀನು ತಿಂದಿದ್ದೂ ಅದೇ."

ಜೀವನದಲ್ಲಿ ಮೊದಲ ಸಲ ಅಷ್ಟು ಜನರೆದುರು ಸತ್ಯ ಹೇಳಿದ್ದರು. ಎದೆ ಹಗುರವಾಯಿತು. ಸಭೆಯೂ ಮೆತ್ತಗಾಗಿ, ಅಯ್ಯೋ ಪಾಪ, ಬೆಕ್ಕಿಗೋಸ್ಕರ ತಾನೇ ಎನ್ನುವ ಹಂತಕ್ಕೆ ಬಂದಿತ್ತು.

ಅಷ್ಟರಲ್ಲಿ ಸ್ಟೋರಿನ ಕಿಟಕಿಯಿಂದ ಮುತ್ತ ಧುಮುಕಿತು. ಎರಡು ದಿನದ ಹಸಿವು, ಜೊತೆಗೆ ಹುಳ ಹೋಗಿ ಶುದ್ಧವಾದ ಹೊಟ್ಟೆ. ಬಾಲ ನಿಮಿರಿಸಿಕೊಂಡು ಸಭೆಯ ನಡುವೆ ಬಂತು. ದ್ರಾಕ್ಷಾಯಣಮ್ಮನವರ ಕುರ್ಚಿಯ ಕೆಳಗೆ ನುಗ್ಗಿತು. ಇನ್ನೂರು ಜನ ನೋಡುತ್ತಿದ್ದಂತೆ, ಕಣ್ಣು ಮುಚ್ಚಿ, ಪಚಪಚನೆ, ದೊನ್ನೆಯ ಮೊಸರನ್ನವನ್ನು ಕೊನೆಯ ಅಗುಳಿನವರೆಗೆ ತಿಂದು ಮೀಸೆ ಒರೆಸಿಕೊಂಡಿತು.

ಇನ್ನೂರು ತಲೆಗಳು ದೊನ್ನೆಯಿಂದ ಶಾಂತಮಲ್ಲಪ್ಪನವರ ಕಡೆಗೆ ತಿರುಗಿದವು.

ಸ್ವಾಮಿಗಳು ನಗು ತಡೆಯಲು ಶಾಲನ್ನು ಬಾಯಿಗೆ ಅಡ್ಡ ಹಿಡಿದರು.

"ಬೆಕ್ಕು ಶಾಕಾಹಾರಿನೇ ಶಾಂತಮಲ್ಲಪ್ಪ, ನಾವು ಒಪ್ಪಿದ್ವಿ. ಈಗ ನಿಮ್ಮ ವಿಚಾರ ಹೇಳಿ."