ಬೀಸುಕಲ್ಲಿನ ಸೀಟು

ನಮ್ಮ ಕಾಕಾನ ಕಾರನ್ನು ತಯಾರಿಸಿದ ಕಂಪನಿಯವರು ಈಗ ಅದನ್ನು ನೋಡಿದರೆ ಗುರುತು ಹಿಡಿಯುವುದಿಲ್ಲ. ಹಿಡಿದರೂ ತಮ್ಮದೆಂದು ಒಪ್ಪಿಕೊಳ್ಳುವುದಿಲ್ಲ! ಅವರು ಮಾಡಿದ್ದರಲ್ಲಿ ಈಗ ಇದ್ದ ಹಾಗೇ ಉಳಿದಿರುವುದು ಇಂಜಿನ್ನು ಮತ್ತು ಗಾಲಿ ಮಾತ್ರ. ಗಾಲಿಯಲ್ಲೂ ಸ್ಟೆಪ್ನಿಯದು ಬೇರೆ ಕಥೆ. ಅದು ಅಂಗಳದ ಕರಿಬೇವಿನ ಗಿಡಕ್ಕೆ ಕಟ್ಟೆಯಾಗಿ ಸುಖವಾಗಿದೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಶಿರಹಟ್ಟಿ ಕಡೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಬೆಟಗೇರಿಯಲ್ಲಿ ಅವನ ಮನೆಯ ಹಿಂದಿನ ಓಣಿಯಲ್ಲೇ ನನ್ನ ಮನೆ. ಹಾಗಾಗಿ ಅವನ ಎಲ್ಲ ಸಾಧನೆಗಳಿಗೆ ಅಣ್ಣನ ಮಗಳಾದ ನಾನು ಕಣ್ಣಾರೆ ಸಾಕ್ಷಿ, ಕೆಲವಕ್ಕೆ ಮೈಯಾರೆ ಸಾಕ್ಷಿ. ಲಕ್ಷ್ಮೇಶ್ವರದ ಪರಿಚಯದವರಿಂದ ಈ ಹಳೆಯ ಕಾರು ಕೊಂಡು ತಂದ ದಿನವೇ ಅವನು ಘೋಷಿಸಿಬಿಟ್ಟ.

"ಇದಕ್ಕ ಗ್ಯಾರೇಜಿನ ಮಾರಿ ತೋರಸೂದಿಲ್ಲ. ರೊಕ್ಕ ಕೊಟ್ಟು ಮಾಡಿಸಿದ್ದು ಅಂಗಡಿಯಾವಂದು, ಕೈಯಾರೆ ಮಾಡಿದ್ದು ನಮ್ಮದು. ಮಂದಿ ತಗದ ಚಿತ್ರಕ್ಕ ನಾವು ಸಹಿ ಹಾಕಾಕ ಬರತೈತೇನು?"

ಡ್ರಾಯಿಂಗ್ ಮಾಸ್ತರನ ತರ್ಕ. ಎದುರಾಡುವುದು ಹೇಗೆ? ಅವನ ಕೆಲಸದ ಪದ್ಧತಿಯೂ ಹಾಗೆಯೇ. ಮೊದಲು ಅಂಗಳದ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಾನೆ, ಆಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿಯುತ್ತಾನೆ. ಗೋಡೆಯ ಮೇಲಿನ ಕಾರನ್ನು ನೋಡಬೇಕು ನೀವು! ಏನು ಗೆರೆ, ಏನು ನೆರಳು, ಈಗ ಹಾರಿತೋ ಆಗ ಹಾರಿತೋ ಅನ್ನಬೇಕು. ಅಂಗಳದಲ್ಲಿ ನಿಂತಿರುವ ಕಾರು ಮಾತ್ರ... ಇರಲಿ, ಹಿರಿಯರು.

ಮೊದಲ ಸುಧಾರಣೆ ಹಾರ್ನು. ಸ್ಟೇರಿಂಗಿನ ನಡುವೆ ಹಾರ್ನ್ ಇರುವುದು ಅವೈಜ್ಞಾನಿಕ ಎಂದು ಅವನ ಮತ. ತಿರುಗಿಸುವ ಕೈ ತಿರುಗಿಸಬೇಕು, ಒದರಿಸುವ ಕೆಲಸ ಅದಕ್ಕೇಕೆ? ಮನೆಬಾಗಿಲಿನ ಕರೆಗಂಟೆಯ ಗುಂಡಿಯನ್ನು ಕಿತ್ತು ತಂದು ಎಡಗಡೆಯ ಬಾಗಿಲಿಗೆ, ಪಕ್ಕದಲ್ಲಿ ಕೂಡುವ ಹೆಂಡತಿ, ಅಂದರೆ ನಮ್ಮ ಕಾಕಿಯ ಮೊಣಕೈ ಹತ್ತಿರ ಕೂಡಿಸಿದ. ಅಂದಿನಿಂದ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದರೆ ಕಾಕಾ ಬ್ರೇಕ್ ಒತ್ತಬೇಕು, ಕಾಕಿ ಬೆಲ್ ಒತ್ತಬೇಕು. ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟ ದಿನ ಗದಗಿನ ಮಾರ್ಕೆಟ್ಟಿನಲ್ಲಿ ಆ ಕಾರು ಮೌನವಾಗಿ ಮಂದಿಯ ಬೆನ್ನು ಹತ್ತಿ ಬರುತ್ತಿತ್ತು.

ಆಮೇಲೆ ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಕಾರಿನ ಟಾಪಿನ ಮೇಲೆ ರೊಟ್ಟಿ ಬೇಯಿಸಬಹುದು. ಮನೆಯ ಮಾಳಿಗೆಗೆ ಸುಣ್ಣ ಬಳಿದರೆ ಒಳಗೆ ತಂಪಾಗುತ್ತದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಾರಿನ ಮಾಳಿಗೆಗೂ ಸುಣ್ಣ ಬಳಿಯಬೇಕೆಂದು ಹೊಳೆದದ್ದು ನಮ್ಮ ಕಾಕಾನಿಗೆ ಒಬ್ಬನಿಗೇ! ಬಳಿದ. ಒಳಗೆ ನಿಜವಾಗಿಯೂ ತಂಪಾಯಿತು. ಆ ಹುಮ್ಮಸ್ಸಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಮುಂಡರಗಿಗೆ ಮದುವೆಗೆ ಹೊರಟ. ಊರು ಮುಟ್ಟಲು ಇನ್ನೇನು ಸ್ವಲ್ಪ ದಾರಿ ಇದೆ ಎನ್ನುವಾಗ ಅಡ್ಡಮಳೆ ಹಿಡಿಯಿತು. ಟಾಪಿನ ಮೇಲಿನ ಸುಣ್ಣ ಇಳಿದು ಮುಂದಿನ ಗಾಜಿನ ಮೇಲೆ ಹರಿಯಿತು, ವೈಪರ್ ಅದನ್ನು ಒಂದೇ ಸಮನಾಗಿ ಬಳಿಯಿತು. ಕಲ್ಯಾಣಮಂಟಪದ ಮುಂದೆ ಹಾಲಿನಲ್ಲಿ ಮಿಂದಂತಿದ್ದ ಕಾರಿನಿಂದ ನಾವು ಇಳಿದಾಗ ಬೀಗರ ಕಡೆಯವರೊಬ್ಬರು ಕೈಮುಗಿದು ಕೇಳಿದರು, "ಮಾಸ್ತರ್, ಯಾವ ದೇವರಿಗೆ ಅಭಿಷೇಕ ಮಾಡಿಸಿಕೊಂಡು ಬಂದ್ರಿ?"

ಕಾಕಾ ಜಗ್ಗಲಿಲ್ಲ. "ಮಳಿರಾಯಗ್ರಿ. ನೋಡ್ರಿ, ಹೆಂಗ ಬಂದ!" ಎಂದ.

ಇನ್ನು ಕೌದಿಯ ಕಥೆ. ಕಾರಿನ ಬಾಗಿಲುಗಳು ಗಡಗಡ ಸದ್ದು ಮಾಡುತ್ತವೆಂದು ಅವುಗಳ ಹೊಟ್ಟೆಯೊಳಗೆ ಏನೋ ತುರುಕಿದ. ಸದ್ದು ನಿಂತಿತು, ನಾವೂ ಶಹಬ್ಬಾಸ್ ಎಂದೆವು. ಚಳಿ ಶುರುವಾದ ಮೇಲೆ ಕಾಕಿ ಟ್ರಂಕಿನಲ್ಲಿ ತಡಕಾಡಿ, ತಾನೇ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಎಲ್ಲಿ ಎಂದು ಕೂಗಿದಳು. ಕಾಕಾ ಮೆಲ್ಲಗೆ ಅಂಗಳಕ್ಕೆ ಹೋದ. "ಕಾರಿಗೆ ಥಂಡಿ ಆಗಬಾರದು, ನಾ ನಡಗಿದ್ರ ನಡೀತೈತಿ, ಹೌದಲ್ರಿ?" ಎಂದು ಕಾಕಿ ಅವತ್ತು ಎತ್ತಿದ ರಾಗ ಓಣಿಯ ಕೊನೆಯವರೆಗೂ ಕೇಳಿಸಿತು.

ಓಣಿಯ ತುದಿಯಲ್ಲೇ ಒಂದು ಗ್ಯಾರೇಜು. ಅದರ ಮಿಸ್ತ್ರಿ ಕಾಕಾನ ಹಳೆಯ ವಿದ್ಯಾರ್ಥಿ. ದಿನಾ ಸಂಜೆ ಕಾಕಾ ಅಲ್ಲಿ ಚಹಾ ಕುಡಿಯುತ್ತಾನೆ, ಚಹಾ ಕುಡಿಯುತ್ತಲೇ ಗ್ಯಾರೇಜುಗಳ ಅನ್ಯಾಯದ ಬಗ್ಗೆ ಭಾಷಣ ಮಾಡುತ್ತಾನೆ. ಮಿಸ್ತ್ರಿಯೂ ಕಡಿಮೆಯವನಲ್ಲ. "ಸರ್, ನೀವು ಬರ್ರಿ, ಕುಂಡ್ರಿ, ಚಾ ಕುಡೀರಿ. ಕಾರ್ ಅಷ್ಟು ತರಬ್ಯಾಡ್ರಿ. ಇಲ್ಲಿ ನಿಂತ ಗಾಡಿಗೋಳು ನಿಮ್ಮ ಕಾರ್ ನೋಡಿದ್ರ ಅಂಜತಾವು!"

ಹೀಗೆ ನಗುನಗುತ್ತ ನಡೆದಿತ್ತು. ಅಷ್ಟರಲ್ಲಿ ಕಾಕಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾದಳು. ಆದರೆ ಬಗ್ಗಿ, ಹೊರಳಿ ಕಾರಿನೊಳಗೆ ಕೂಡುವುದು ಮಾತ್ರ ಆಗದು. ಆ ವರ್ಷ ಪಂಚಮಿಗೆ ತವರು ಬೆಳ್ಳಟ್ಟಿಗೆ ಹೋಗಬೇಕಲ್ಲ? ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗದಿದ್ದರೆ ಅದೆಂಥ ಪಂಚಮಿ? ಕರೆಯಲು ಬಂದ ಅಣ್ಣನ ಮಕ್ಕಳಿಬ್ಬರು ಅತ್ತೆಯನ್ನು ಅನಾಮತ್ತು ಎತ್ತಿ ಸೀಟಿನ ಮೇಲೆ ಇಟ್ಟರು. ಬೆಳ್ಳಟ್ಟಿಯಲ್ಲಿ ಊರ ಹೆಂಗಸರೆಲ್ಲ ನೋಡುತ್ತಿರುವಾಗ ಹಾಗೆಯೇ ಎತ್ತಿ ಇಳಿಸಿದರು. ಹುಡುಗರ ಮನಸ್ಸು ಬಂಗಾರ, ತಪ್ಪೇನೂ ಇಲ್ಲ. ಆದರೆ ಕಾಕಿ ಬೆಟಗೇರಿಗೆ ಮರಳಿ ಬಂದವಳೇ ಹೇಳಿದಳು, "ಇನ್ನ ನಾ ತವರಿಗೆ ಹೋಗೂದಿಲ್ಲ. ಎತ್ತಿ ಇಳಸಾಕ ನಾ ಏನ್ ಜ್ವಾಳದ ಚೀಲೇನು?"

ಕಾಕಾ ಮರುದಿನವೇ ನನ್ನನ್ನು ಕಾರಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟ. ಸಲೀಸಾಗಿ ಇಳಿಯಲೆಂದು ಬಾಗಿಲ ಹೊರಗಡೆ ತಿರುಗಿ ಬರುವ ಸೀಟನ್ನು ಕಾರಿಗೆ ಕೂಡಿಸುವ ಅಂಗಡಿಯೊಂದು ಅಲ್ಲಿತ್ತು, ಗಾಜಿನ ಬಾಗಿಲು, ಒಳಗೆ ಏಸಿ. ಅಂಗಡಿಯವರು ನಮ್ಮ ಕಾರಿನ ಸುತ್ತ ಮರ್ಯಾದೆಯಿಂದ ಪ್ರದಕ್ಷಿಣೆ ಹಾಕಿ, ಈ ಗಾಡಿಗೆ ನಮ್ಮ ಸೀಟು ಹೊಂದುವುದಿಲ್ಲ, ಎತ್ತರದ ಹೊಸ ಗಾಡಿ ತೆಗೆದುಕೊಂಡರೆ ಒಳ್ಳೆಯದು ಎಂದರು. ವಾಪಸು ಬರುವಾಗ ಹುಲಕೋಟಿ ದಾಟಿದ ಮೇಲೆ ಕಾಕಾ ಒಂದೇ ಮಾತು ಹೇಳಿದ. "ಮುಂದಿನ ಪಂಚಮಿಗೆ ಆಕಿ ತನ್ನ ಕಾಲಿಲೆ ಇಳೀಬೇಕು."

ಗೋಡೆಯ ಮೇಲೆ ಚಿತ್ರಗಳು ಶುರುವಾದವು. ಬರೆದ, ಅಳಿಸಿದ, ಮತ್ತೆ ಬರೆದ. ಗೋಡೆ ಕಪ್ಪಾಯಿತೇ ಹೊರತು ಸೀಟು ತಿರುಗಲಿಲ್ಲ. ಒಂದು ದಿನ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಸುಮ್ಮನೆ ತಿರುಗಿಸುತ್ತಿದ್ದ. ಮುಖ ಬೆಳಗಿಬಿಟ್ಟಿತ್ತು.

"ನೋಡಲ್ಲೆ! ನಡುವ ಗೂಟ. ಕೆಳಗಿನ ಕಲ್ಲು ಕದಲೂದಿಲ್ಲ, ಮ್ಯಾಲಿಂದು ಬೆರಳಿಲೆ ತಿರಗತೈತಿ. ನಮ್ಮ ಅಜ್ಜಿಗೋಳಿಗೆ ಗೊತ್ತಿದ್ದದ್ದು ಹುಬ್ಬಳ್ಳಿ ಅಂಗಡಿಯಾವಗ ಗೊತ್ತಿಲ್ಲ!"

ಕಾಕಿ ಒಳಗಿನಿಂದಲೇ ಕೇಳಿದಳು, "ಹಂಗಾರ ಈಗ ನನ್ನ ಬೀಸಾಂವ್ರೇನು?"

ಎರಡು ದುಂಡನೆಯ ಕಬ್ಬಿಣದ ತಗಡು, ನಡುವೆ ಹಳೆಯ ಪಂಪಿನ ಬೇರಿಂಗು, ಕೈತುಂಬ ಗ್ರೀಸು. ಸೀಟು ಸಿದ್ಧವಾಯಿತು. ಬೆರಳಲ್ಲಿ ದೂಡಿದರೆ ಸಾಕು, ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಕಾಲು ಕೆಳಗೆ ಇಳಿಬಿಟ್ಟು ಎದ್ದು ನಿಂತರಾಯಿತು. ಪರೀಕ್ಷೆಗೆ ಕೂಡುವವರು ಯಾರು? ನಾನೇ! ಊರ ಹೊರಗೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೊರಟೆವು. ಮೊದಲ ತಿರುವಿನಲ್ಲಿ ಸೀಟು ಗರ್ರನೆ ತಿರುಗಿತು. ನನ್ನ ಮೊಣಕಾಲು ಗೇರಿಗೆ ಬಡಿದು ಗಾಡಿ ನ್ಯೂಟ್ರಲ್ಲಿಗೆ ಬಂತು, ಬೆಲ್ಟು ಕೊರಳಿಗೆ ಸುತ್ತಿತು. ಕಣ್ಣು ಬಿಟ್ಟರೆ ನಾನು ಕಾಕಾನಿಗೆ ಎದುರಾಗಿ, ಮದುವೆಯ ಮಾತುಕತೆಗೆ ಬಂದವಳ ಹಾಗೆ ಕುಳಿತಿದ್ದೆ. ಬೀಸುಕಲ್ಲಿಗೆ ತಡೆ ಎಲ್ಲಿರುತ್ತದೆ ಹೇಳಿ? ನಮ್ಮ ಕಾಕಾ ಅದನ್ನು ಇದ್ದದ್ದು ಇದ್ದಂತೆಯೇ ತಂದು ಕಾರಿನಲ್ಲಿ ಕೂಡಿಸಿದ್ದ!

"ನೋಡ, ಮಾತಾಡಾಕ ಎಷ್ಟು ಛಲೋ ಆತು!" ಎಂದ ಮಹಾಶಯ.

ಮನೆಗೆ ಬಂದವನೇ ಹಳೆಯ ಅಡುಗೆಮನೆ ಬಾಗಿಲಿನ ಚಿಲಕ ಕಿತ್ತು ಸೀಟಿನ ಪಕ್ಕಕ್ಕೆ ಬಡಿದ. ಚಿಲಕ ಹಾಕಿದರೆ ಸೀಟು ನಿಲ್ಲುತ್ತದೆ, ಎಳೆದರೆ ತಿರುಗುತ್ತದೆ. ಮತ್ತೆ ನಾನು ಕುಳಿತೆ, ಮತ್ತೆ ಅದೇ ತಿರುವು. ಈ ಸಲ ಸೀಟು ಕದಲಲಿಲ್ಲ. ಗೆದ್ದೆವು ಎಂದೆ. ಕಾಕಾ ಗಾಡಿ ನಿಲ್ಲಿಸಿ ಇಳಿದು ಬಂದು, ಸೀಟನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದ. ಚಿಲಕ ಸಣ್ಣಗೆ ಕಟಕಟ ಎಂದಿತು.

"ಸಾಲೂದಿಲ್ಲ," ಎಂದ.

"ಇಷ್ಟು ಗಟ್ಟಿ ಐತಲ್ಲೋ ಕಾಕಾ, ಇನ್ನೇನ್ ಬೇಕು?"

"ನಿನಗ ಸಾಕು. ಇದರ ಮ್ಯಾಲೆ ಆಕಿ ಕುಂಡ್ರಾಕಿ ಅದಾಳ."

ಅಂದರೆ ನಾನು ಬಿದ್ದರೆ ನಡೆಯುತ್ತಿತ್ತೇ? ಕೇಳುವಷ್ಟರಲ್ಲಿ ಅವನು ಮತ್ತೆ ಸ್ಟೇರಿಂಗ್ ಹಿಡಿದು ಕುಳಿತಿದ್ದ. ಕಾರು ಮನೆಯ ಕಡೆಗೆ ಹೊರಳಲಿಲ್ಲ. ನೇರವಾಗಿ ಗ್ಯಾರೇಜಿನೊಳಗೆ ಹೋಗಿ ನಿಂತಿತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೊರಬಂದು, "ಚಾ ಹೇಳಲೇನ್ರಿ ಸರ್?" ಎಂದ.

"ಚಾ ಬ್ಯಾಡೋ. ಇದು ನನ್ನ ಕೈಲೆ ಆಗವಲ್ದು. ನೀ ಮಾಡು."

ಹುಟ್ಟಿದಾಗಿನಿಂದ ನಾನು ಕಾಕಾನ ಮಾತು ಕೇಳುತ್ತ ಬಂದವಳು. ಈ ಮಾತು ಕೇಳಿದ್ದು ಅದೇ ಮೊದಲು. ಮಿಸ್ತ್ರಿ ಈಗ ಆ ಭಾಷಣಗಳ ಸೇಡನ್ನು ಬಡ್ಡಿಸಮೇತ ತೀರಿಸಿಕೊಳ್ಳುತ್ತಾನೆ ಎಂದು ಕಾದೆ. ಅವನು ನಗಲಿಲ್ಲ. ಸೀಟಿನ ಕೆಳಗೆ ತಲೆ ತೂರಿಸಿ ಬಹಳ ಹೊತ್ತು ನೋಡಿದ. "ಬುದ್ಧಿ ಭಾರಿ ಐತ್ರಿ ಸರ್. ಹಲ್ಲು ಇಲ್ಲ ಅಷ್ಟ. ಹಲ್ಲು ನಾ ಕೂಡಸ್ತೀನಿ," ಎಂದು ತಗಡುಗಳ ಅಂಚಿಗೆ ಗಟ್ಟಿಯಾಗಿ ಕಚ್ಚಿ ಹಿಡಿಯುವ ಉಕ್ಕಿನ ಕೊಂಡಿ ವೆಲ್ಡ್ ಮಾಡಿದ. ಕಾಕಾ ಪಕ್ಕದಲ್ಲೇ ನಿಂತು "ಅಲ್ಲೊಂದ್ ಟಾಕಿ, ಇಲ್ಲೊಂದ್ ಟಾಕಿ" ಎನ್ನುತ್ತ ಬೆಸುಗೆ ಎಲ್ಲೆಲ್ಲಿ ಬೀಳಬೇಕೆಂದು ಹೇಳುತ್ತಲೇ ಇದ್ದ. ಕೊನೆಗೆ ಮಿಸ್ತ್ರಿ ಕೈಮುಗಿದು ಅವನನ್ನು ಹೊರಗೆ ಕೂಡಿಸಬೇಕಾಯಿತು! ಚಿಲಕವನ್ನು ಮಾತ್ರ ಮಿಸ್ತ್ರಿ ತೆಗೆಯಲಿಲ್ಲ. ಅದನ್ನೇ ಕೊಂಡಿಗೆ ಹಿಡಿಕೆ ಮಾಡಿದ. "ಅಮ್ಮಾರ ಕೈಗೆ ರೂಢಿ ಇರ್ತೈತ್ರಿ," ಎಂದ.

ಪಂಚಮಿಯ ದಿನ ಹೊರಟೆವು. ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಉಂಡಿಯ ಡಬ್ಬಿ ಇಟ್ಟುಕೊಂಡು ಕಾಕಿ ಮುಂದೆ ಕುಳಿತಿದ್ದಳು. ಶಿರಹಟ್ಟಿ ದಾಟಿದ ಮೇಲೆ ಮತ್ತೆ ಮತ್ತೆ ಚಿಲಕ ಮುಟ್ಟಿ ನೋಡತೊಡಗಿದಳು. ಬೆಳ್ಳಟ್ಟಿಯ ಮನೆಯ ಮುಂದೆ ಅವಳ ಅಣ್ಣ, ಅತ್ತಿಗೆ, ಓಣಿಯ ಹೆಂಗಸರು, ಜೋಕಾಲಿ ಬಿಟ್ಟು ಓಡಿಬಂದ ಹುಡುಗಿಯರು ಎಲ್ಲ ನೆರೆದಿದ್ದರು. ಗಾಡಿ ನಿಂತದ್ದೇ ಅಣ್ಣನ ಮಕ್ಕಳಿಬ್ಬರೂ ತೋಳು ಮಡಚಿಕೊಂಡು ಮುಂದೆ ಬಂದರು.

"ಆಚೆ ಸರೀರಲೇ!" ಎಂದಳು ಕಾಕಿ.

ಚಿಲಕ ಎಳೆದಳು. ಸೀಟು ಮೆಲ್ಲಗೆ ಬಾಗಿಲ ಕಡೆಗೆ ತಿರುಗಿತು. ಎರಡೂ ಪಾದ ತವರಿನ ನೆಲಕ್ಕೆ ಊರಿ, ಕೋಲು ಹಿಡಿದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು. ನನಗೋ, ನೆರೆದವರನ್ನೆಲ್ಲ ಹಿಡಿದು ಇವನು ನಮ್ಮ ಕಾಕಾ ಎಂದು ಕೂಗಿ ಹೇಳಬೇಕೆನಿಸಿತು. ಅವಳ ಅಣ್ಣ ಬೆರಗಾಗಿ ಸೀಟನ್ನು ಮುಟ್ಟಿ ನೋಡಿದ. "ಯಾವ ಅಂಗಡ್ಯಾಗ ಮಾಡಿಸಿದ್ರವಾ ಇದನ್ನ?"

"ಅಂಗಡ್ಯಾಗ ಸಿಗೂದಿಲ್ಲಣ್ಣಾ ಇದು," ಎಂದಳು ಕಾಕಿ. "ನಮ್ಮನಿಯವ್ರು ನನಗಂತನ ಮಾಡ್ಯಾರ."

ಇಂಥ ಮಾತಿಗೆ ಕಾಕಾ ಒಂದು ಗಂಟೆ ವ್ಯಾಖ್ಯಾನ ಕೊಡಬೇಕಿತ್ತು. ಅವನು ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ಏನನ್ನೋ ತಡಕುತ್ತ, "ವೆಲ್ಡಿಂಗ್ ಮಿಸ್ತ್ರೀದು..." ಎಂದು ಗೊಣಗಿದ. ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಎದ್ದು ನಿಂತಾಗ ಮುಖದ ತುಂಬ ಕರಿ ಗ್ರೀಸು. ಹುಡುಗಿಯರು ಕಿಸಕ್ಕನೆ ನಕ್ಕರು. ಕಾಕಿ ನಗಲಿಲ್ಲ. ಕೋಲು ಊರುತ್ತ ಅವನ ಹತ್ತಿರ ಹೋದಳು. ತವರಿನ ಅಷ್ಟೂ ಮಂದಿಯ ಮುಂದೆ, ಇನ್ನೂ ನೀರು ಕಾಣದ ಹೊಸ ಸೀರೆಯ ಸೆರಗು ಹಿಡಿದು ಅವನ ಮುಖ ಒರೆಸಿದಳು.