ಅಕ್ಕನ ಹೊಟ್ಟೆಯ ರಿಂಗ್‌ಟೋನ್

ಪೀಂ-ಪೀಂ. ಎಲ್ಲಾದರೂ ಆ ಸದ್ದು ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಹ್ಯಾಂಡ್‌ಬ್ಯಾಗಿಗೆ ಹೋಗುತ್ತದೆ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಮದರ್ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಆ ಪಾಠವೆಲ್ಲ ನೀರಿಗೆ ಹೋಗಿ, ಎಪ್ಪತ್ತು ದಾಟಿದ ಮೇಲೆ ನಾನು ಪರ್ಫೆಕ್ಟ್ ಸುಳ್ಳುಗಾತಿಯಾದೆ.

ಸದ್ದು ಬರುತ್ತಿದ್ದದ್ದು ವಿಮಲಕ್ಕನ ಹೊಟ್ಟೆಯಿಂದ. ಕ್ಯಾನ್ಸರಿನ ನೋವಿಗೆಂದು ಡಾಕ್ಟರು ಅಲ್ಲಿ ಚರ್ಮದಡಿ ಒಂದು ಪಂಪ್ ಕೂರಿಸಿದ್ದರು. ಅದು ಬೆನ್ನುಹುರಿಯ ಬಳಿಗೆ ಹನಿಹನಿಯಾಗಿ ಔಷಧಿ ಬಿಡುವುದು. ಔಷಧಿ ಮುಗಿಯುತ್ತ ಬಂದರೆ ಕೂಗುವುದು. ನೆಂಟರಿಗೆ ತಿಳಿಯಕೂಡದೆಂದು ಅಕ್ಕನ ಆಜ್ಞೆ. ಜಯನಗರದಲ್ಲಿ ಒಂದು ಸೀಮಂತದ ಊಟದ ನಡುವೆ ಅದು ಕೂಗಿದಾಗ, "ಸಾರಿ, ನನ್ನ ಫೋನು" ಎಂದುಬಿಟ್ಟೆ. ಅಂದಿನಿಂದ, ಫೋನು ಸೈಲೆಂಟ್ ಮಾಡಲು ಬಾರದ ಇಂಗ್ಲಿಷ್ ಮೇಡಂ ಎಂದು ಬಳಗದಲ್ಲೆಲ್ಲ ನನಗೆ ಹೆಸರಾಯಿತು.

ಆಮೇಲೆ ಅಕ್ಕನ ಕಾಲುಗಳು ಸೋತವು. ಎಂಆರ್‌ಐ ಆಗಬೇಕೆಂದು ಬನಶಂಕರಿಯ ಸ್ಕ್ಯಾನ್ ಸೆಂಟರಿಗೆ ಹೋದೆವು. ಚಿಕ್ಕಪ್ಪನ ಮಗಳು ಸರೋಜ, ನಮ್ಮ ಬಳಗದ ಸುದ್ದಿವಾಚಕಿ, ಸಹಾಯಕ್ಕೆಂದು ಬಂದು ಪಕ್ಕದಲ್ಲೇ ಕೂತಳು. ದೇಹದೊಳಗೆ ಯಾವುದಾದರೂ ಉಪಕರಣ ಇದೆಯೇ ಎಂದು ಫಾರಂ ಕೇಳಿತು. ಸರೋಜಳ ಕತ್ತು ನನ್ನ ಪೆನ್ನಿನ ಮೇಲೆಯೇ ಬಾಗಿತ್ತು. ಅಭ್ಯಾಸಬಲ ನೋಡಿ, ದುಂಡಗೆ ಕರ್ಸಿವ್‌ನಲ್ಲಿ "ನಿಲ್" ಎಂದು ಬರೆದೆ.

ಒಳಗೆ ಕರೆಯುವ ಮುನ್ನ ಟೆಕ್ನಿಷಿಯನ್ ಹುಡುಗಿ ಅದನ್ನೇ ಬಾಯಲ್ಲೂ ಕೇಳಿದಳು. ನಾನು ಇನ್ನೊಮ್ಮೆ ಸುಳ್ಳು ಹೇಳುವಷ್ಟರಲ್ಲಿ ಅಕ್ಕ ಸರೋಜಳ ಎದುರಿಗೇ ಪರ್ಸಿನಿಂದ ಪಂಪಿನ ಕಾರ್ಡ್ ತೆಗೆದಳು.

"ಇದೆ ಕಣಮ್ಮ, ಹೊಟ್ಟೇಲಿ. ಇವಳು ಬರೆದಿದ್ದು ನೋಡ್ಬೇಡ. ನನ್ನ ಮಾನ ಕಾಯೋಕೆ ಹೋಗಿ ನನ್ನನ್ನೇ ಮೇಲಕ್ಕೆ ಕಳಿಸಿಬಿಡ್ತಿದ್ಲು."

ಸ್ಕ್ಯಾನ್ ಅಂದು ಆಗಲಿಲ್ಲ. ಸ್ಕ್ಯಾನ್ ಮೆಷಿನ್ನಿನ ಮ್ಯಾಗ್ನೆಟ್ಟಿನೊಳಗೆ ಕೆಲವು ಪಂಪುಗಳು ನಿಂತುಬಿಡುತ್ತವಂತೆ, ಕೆಲವುಗಳ ಔಷಧಿಯನ್ನೆಲ್ಲ ಮೊದಲೇ ತೆಗೆಯಬೇಕಂತೆ. ಮಾಡೆಲ್ ನೋಡಿ, ಪಂಪಿನ ಡಾಕ್ಟರನ್ನು ಕೇಳದೆ ಮುಟ್ಟುವಂತಿಲ್ಲವಂತೆ. ಹುಡುಗಿ ಮೆತ್ತಗೆ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ನಾಲ್ಕು ದಿನದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಪಂಪಿನ ಡಾಕ್ಟರೇ ನಿಂತು ಸ್ಕ್ಯಾನ್ ಮಾಡಿಸಿದರು. ಪಂಪು ನಿಂತು, ಮತ್ತೆ ಶುರುವಾಯಿತು. ಅಕ್ಕನಿಗೆ ಹೆಚ್ಚು ದಿನಗಳಿಲ್ಲವೆಂದು ಸ್ಕ್ಯಾನ್ ಹೇಳಿತು.

ಅವಳನ್ನು ಕೊನೆಯ ಸಲ ನೋಡಿದ್ದು ಅದೇ ಆಸ್ಪತ್ರೆಯ ವಾರ್ಡಿನಲ್ಲಿ. ಪೀಂ-ಪೀಂ ಎಂದಿತು. ಔಷಧಿ ತುಂಬುವ ಡಾಕ್ಟರನ್ನು ಕರೆಯಲು ನರ್ಸ್ ಹೋದಳು. ಪಕ್ಕದ ಹಾಸಿಗೆಯ ಹೆಂಗಸು ಅದೇನು ಸದ್ದು ಎಂದು ಕೇಳಿದರು. ಸುಳ್ಳು ಬಿಟ್ಟಿದ್ದ ನಾನು ನಿಜ ಹೇಳಲು ಹೊರಟಿದ್ದೆ. ಅಕ್ಕ ಕಣ್ಣು ತೆರೆದಳು.

"ಇವಳ ಫೋನು ರೀ. ಆಫ್ ಮಾಡೋಕೆ ಬರಲ್ಲ ಇವಳಿಗೆ, ಪಾಪ."

ನಾನು ಸಾರಿ ಎಂದು ಹೇಳಿ, ಬ್ಯಾಗು ತೆರೆದು, ಆಫ್ ಆಗಿಯೇ ಇದ್ದ ಫೋನನ್ನು ಇನ್ನೊಮ್ಮೆ ಆಫ್ ಮಾಡಿದೆ.